ನೆಲ ಡೊಂಕೋ, ಹೆಜ್ಜೆ ಡೊಂಕೋ

ಚಿಕ್ಕಪ್ಪ: 2025ರಲ್ಲಿ ರೆಡ್ ಬುಲ್ ತಂಡ ಲಿಯಾಮ್ ಲಾಸನ್‌ನನ್ನು ಎರಡೇ ರೇಸಿಗೆ ಕೆಳಗಿಳಿಸಿತು ಅಂತ ನಿಮ್ಮ ವಾರಿಗೆಯವರೆಲ್ಲ ಇನ್ನೂ ಗೊಣಗುತ್ತಿದ್ದೀರಿ. ನನಗೇನೋ ಅದರಲ್ಲಿ ಅನ್ಯಾಯ ಕಾಣುವುದಿಲ್ಲಮ್ಮ. ಫಾರ್ಮುಲಾ ಒನ್ ಏನು ಶಿಶುವಿಹಾರವೇ? ಮೆಲ್ಬರ್ನ್‌ನ ಅರ್ಹತಾ ಸುತ್ತಿನಲ್ಲಿ ಅವನು 18ನೆಯವನು, ಶಾಂಘೈಯಲ್ಲಿ ಕಟ್ಟಕಡೆಯವನು. ಅದೇ ತಂಡದ ಇನ್ನೊಂದು ಕಾರನ್ನು ಮ್ಯಾಕ್ಸ್ ವರ್ಸ್ಟಾಪನ್ ಎರಡೂ ಕಡೆ ಎರಡನೇ ಸಾಲಿನಲ್ಲಿ ನಿಲ್ಲಿಸಿದ್ದ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೈಯಲ್ಲಿ ವೇಗ ಇದ್ದವನು ಮೊದಲ ದಿನವೇ ತೋರಿಸುತ್ತಾನೆ, ಇಲ್ಲದವನಿಗೆ ಎಷ್ಟು ಸಾವಿರ ಕಿಲೋಮೀಟರ್ ಟೆಸ್ಟ್ ಮಾಡಿಸಿದರೂ ಅಷ್ಟೇ.

ಅಣ್ಣನ ಮಗಳು: ಅದೇ ಲಾಸನ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಕುವಿನಲ್ಲಿ ಏನು ಮಾಡಿದ ನೆನಪಿದೆಯಲ್ಲ ಚಿಕ್ಕಪ್ಪ. ರೆಡ್ ಬುಲ್‌ನ ಕಿರಿಯ ತಂಡವಾದ ರೇಸಿಂಗ್ ಬುಲ್ಸ್ ಕಾರಿನಲ್ಲಿ 3ನೇ ಸ್ಥಾನದಿಂದ ಹೊರಟು 5ನೆಯವನಾಗಿ ಮುಗಿಸಿದ. ಆರು ತಿಂಗಳಲ್ಲಿ ಅವನ ಕೈ ಬದಲಾಗಿರಲಿಲ್ಲ. ಇತ್ತ ಅವನು ಬಿಟ್ಟುಹೋದ ಸೀಟಿಗೆ ಬಂದವನು ಯೂಕಿ ತ್ಸುನೋಡಾ, ನಾಲ್ಕು ಪೂರ್ಣ ಋತುಗಳನ್ನು ಮುಗಿಸಿದ್ದ ಅನುಭವಿ. ಅವನೂ ಆ ಕಾರಿನಲ್ಲಿ ವರ್ಷವಿಡೀ ಹೆಣಗಾಡಿದ, ಹೆಚ್ಚಿನ ರೇಸುಗಳಲ್ಲಿ ಒಂದು ಅಂಕವೂ ದಕ್ಕಲಿಲ್ಲ, 2026ಕ್ಕೆ ಸೀಟು ಕಳೆದುಕೊಂಡ. ಹೊಸಬನೂ ಎಡವಿದ, ಹಳಬನೂ ಎಡವಿದ ಎಂದಮೇಲೆ ಎರಡು ರೇಸುಗಳ ಫಲಿತಾಂಶ ನೋಡಿ ತಂಡ ಅಳೆದದ್ದು ಏನನ್ನು? ಲಾಸನ್‌ನ ಪ್ರತಿಭೆಯನ್ನೋ, ಅಥವಾ ವರ್ಸ್ಟಾಪನ್ ಒಬ್ಬನಿಗೇ ಒಗ್ಗಿಹೋಗಿದ್ದ ಆ ಕಾರಿನ ಮೊಂಡುತನವನ್ನೋ? ನನ್ನ ವಾದ ಇರುವುದು ಈ ಒಂದು ಪ್ರಶ್ನೆಯ ಸುತ್ತಲೇ.

ಚಿಕ್ಕಪ್ಪ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಸೋತ ಚಾಲಕರೆಲ್ಲ ಹೇಳುವುದು ಇದನ್ನೇ.

ಅಣ್ಣನ ಮಗಳು: ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಾಗಿರುತ್ತದೆ. ಹೊಸಬನ ಸಂಕಟ ಏನೆಂದರೆ, ಡೊಂಕು ನೆಲದ್ದೋ ತನ್ನ ಹೆಜ್ಜೆಯದೋ ಎಂದು ಅವನಿಗೇ ತಿಳಿಯದು. ತಿರುವಿನ ನಡುವೆ ಕಾರಿನ ಹಿಂಬದಿ ಜಾರಿತು ಅಂದುಕೊಳ್ಳಿ. ಬ್ರೇಕ್ ಪೆಡಲನ್ನು ತುಸು ತಡವಾಗಿ ಬಿಟ್ಟದ್ದಕ್ಕೆ ಜಾರಿತೋ, ಹಿಂದಿನ ಟೈರುಗಳು ಇನ್ನೂ ಬಿಸಿಯಾಗಿರಲಿಲ್ಲವೋ, ಗಾಳಿ ಬೀಸುವ ದಿಕ್ಕು ಬದಲಾಯಿತೋ, ಸಸ್ಪೆನ್ಷನ್ ಹೊಂದಾಣಿಕೆಯೇ ತಪ್ಪೋ? ಹತ್ತು ವರ್ಷ ಓಡಿಸಿದವನ ಸೊಂಟಕ್ಕೆ ಇದು ಗೊತ್ತಾಗುತ್ತದೆ. ಹೊಸಬನಿಗೆ ಗೊತ್ತಾಗಬೇಕಾದರೆ ಎರಡು ಅನುಕೂಲ ಬೇಕು. ಒಂದು, ತಪ್ಪಿದರೂ ಅಂಕ ಹೋಗದ ಜಾಗದಲ್ಲಿ ಮತ್ತೆ ಮತ್ತೆ ಅದೇ ತಿರುವನ್ನು ಹಾಯುವ ಅವಕಾಶ. ಇನ್ನೊಂದು, ಪ್ರತಿ ಸಲವೂ ಏನಾಯಿತೆಂದು ಓದಿ ಹೇಳಬಲ್ಲ ಪಳಗಿದ ಎಂಜಿನಿಯರ್. ಮೊದಲನೆಯದು ಟೆಸ್ಟಿಂಗ್, ಎರಡನೆಯದು ತಜ್ಞರ ಬೆಂಬಲ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಹೊಸಬ ಬೆಳೆಯುವುದು ಅದೃಷ್ಟದ ಮಾತು. ಎರಡೂ ಇಲ್ಲದೆ ಅವನನ್ನು ಗ್ರಿಡ್‌ನಲ್ಲಿ ನಿಲ್ಲಿಸಿ, ಆಮೇಲೆ ಪ್ರತಿಭೆ ಸಾಲದು ಎಂದು ತೀರ್ಪು ಕೊಡುವುದು ಮೋಸದ ಪರೀಕ್ಷೆ.

ಚಿಕ್ಕಪ್ಪ: ಹಾಗಾದರೆ ಕಿಮಿ ರೈಕ್ಕೊನೆನ್ ಕತೆಯೇನು? ಕಾರ್ ರೇಸಿಂಗ್‌ನಲ್ಲಿ ಬರೀ 23 ರೇಸ್ ಓಡಿಸಿ 2001ರಲ್ಲಿ ನೇರವಾಗಿ ಫಾರ್ಮುಲಾ ಒನ್‌ಗೆ ಬಂದ. ಇಷ್ಟು ಎಳಸು ಹುಡುಗನಿಗೆ ಲೈಸೆನ್ಸ್ ಕೊಡಬೇಡಿ ಅಂತ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿಯೇ ಹೇಳಿದರು. ಮೊದಲ ರೇಸಿನಲ್ಲೇ 6ನೇ ಸ್ಥಾನ, ಒಂದು ಅಂಕ. ಆಮೇಲೆ ವಿಶ್ವ ಚಾಂಪಿಯನ್. ವರ್ಸ್ಟಾಪನ್ ಇನ್ನೂ ಒಂದು ಹೆಜ್ಜೆ ಮುಂದೆ: 17ನೇ ವಯಸ್ಸಿಗೆ 2015ರ ಮೆಲ್ಬರ್ನ್ ಗ್ರಿಡ್‌ನಲ್ಲಿದ್ದ, 18ಕ್ಕೆ ಬಾರ್ಸಿಲೋನಾದಲ್ಲಿ ಗೆದ್ದ. ಇವರಿಗೆ ಯಾವ ಪಾಠಶಾಲೆ ಇತ್ತು?

ಅಣ್ಣನ ಮಗಳು: ಇತ್ತು, ನಾವು ಎಣಿಸಲಿಲ್ಲ ಅಷ್ಟೆ. ರೈಕ್ಕೊನೆನ್ 23 ರೇಸ್ ಓಡಿಸಿದ್ದು ನಿಜ. ಆದರೆ ಸೌಬರ್ ತಂಡ 2000ದ ಸೆಪ್ಟೆಂಬರ್‌ನಲ್ಲಿ ಮುಜೆಲ್ಲೋದಲ್ಲಿ ಅವನಿಗೆ ಕಾರು ಕೊಟ್ಟು ನೋಡಿತು, ಆಮೇಲೆ ಜೆರೆಜ್ ಮತ್ತು ಬಾರ್ಸಿಲೋನಾದಲ್ಲಿ ಮತ್ತೆ ಓಡಿಸಿ ನೋಡಿತು, ಆನಂತರವೇ ಸಹಿ ಹಾಕಿಸಿಕೊಂಡಿತು. ಟೆಸ್ಟಿಂಗ್‌ಗೆ ಲಗಾಮು ಇಲ್ಲದ ಕಾಲ ಅದು. ಪೀಟರ್ ಸೌಬರ್ ಬಳಿ ಇದ್ದದ್ದು ನಂಬಿಕೆಯ ಜೊತೆಗೆ ಲ್ಯಾಪ್‌ಗಳ ಪುರಾವೆ, ಅದನ್ನು ಹಿಡಿದೇ ಅವರು ಷರತ್ತಿನ ಲೈಸೆನ್ಸ್ ಪಡೆದದ್ದು. ವರ್ಸ್ಟಾಪನ್ ವಿಷಯದಲ್ಲಿ ತಜ್ಞರ ಬೆಂಬಲ ಮನೆಯಲ್ಲೇ ಇತ್ತು. ತಂದೆ ಯೋಸ್ ವರ್ಸ್ಟಾಪನ್ 1994ರಿಂದ 2003ರವರೆಗಿನ ಅವಧಿಯಲ್ಲಿ ಫಾರ್ಮುಲಾ ಒನ್‌ನಲ್ಲಿ ಓಡಿಸಿದವರು, ತಾಯಿ ಸೋಫಿ ಕುಂಪೆನ್ ಕಾರ್ಟಿಂಗ್‌ನಲ್ಲಿ ಹೆಸರು ಮಾಡಿದವರು. ಮಗನ ಕಾರ್ಟ್‌ಗಳನ್ನು ತಂದೆಯೇ ಸಿದ್ಧಪಡಿಸುತ್ತಿದ್ದರು, ಪ್ರತಿ ಓಟದ ಮೇಲೂ ಕಣ್ಣಿಟ್ಟಿದ್ದರು. 2014ರ ಅಕ್ಟೋಬರ್‌ನಲ್ಲಿ ಸುಜುಕಾದ ಶುಕ್ರವಾರದ ಅಭ್ಯಾಸದಲ್ಲಿ ಅವನು ಅಧಿಕೃತವಾಗಿ ಕಾರಿಗೆ ಇಳಿಯುವ ಹೊತ್ತಿಗೆ ಹತ್ತು ಹನ್ನೆರಡು ವರ್ಷದ ಪಾಠ ಮುಗಿದಿತ್ತು. ಅವನ ಪ್ರವೇಶದ ಬೆನ್ನಿಗೇ ಎಫ್‌ಐಎ 2016ರಿಂದ ನಿಯಮ ಬಿಗಿ ಮಾಡಿತು: ಕನಿಷ್ಠ 18 ವರ್ಷ, ಕೆಳಗಿನ ದರ್ಜೆಯ ರೇಸುಗಳಿಂದ 40 ಅಂಕ, ಫಾರ್ಮುಲಾ ಒನ್ ಕಾರಿನಲ್ಲಿ 300 ಕಿಲೋಮೀಟರ್. ಕೊನೆಯ ಷರತ್ತನ್ನು ಗಮನಿಸಿ. 300 ಕಿಲೋಮೀಟರ್ ಅಂದರೆ ಒಂದು ಗ್ರ್ಯಾನ್ ಪ್ರಿಯ ದೂರ. ಕಾರು ಓಡಿಸಬಲ್ಲನೇ ಎಂದು ನೋಡಲು ಅಷ್ಟು ಸಾಕು. ಕಲಿಸಲು ಏನೇನೂ ಸಾಲದು.

ಚಿಕ್ಕಪ್ಪ: ಹಾಗಾದರೆ ಕಿಲೋಮೀಟರ್ ಹೆಚ್ಚಿದಷ್ಟೂ ಒಳ್ಳೆಯದು ಅನ್ನುತ್ತೀಯ. ಲೂಕಾ ಬಾಡೋಯೆರ್‌ನ ಮಾತೆತ್ತಲೇ? ಫೆರಾರಿಯ ಟೆಸ್ಟ್ ಚಾಲಕನಾಗಿ ಅವನಷ್ಟು ದೂರ ಓಡಿಸಿದವರು ಬೆರಳೆಣಿಕೆ. 2009ರಲ್ಲಿ ಹಂಗೆರಿಯಲ್ಲಿ ಫೆಲಿಪೆ ಮಾಸ ಗಾಯಗೊಂಡಾಗ ಅವನ ಸೀಟು ಇವನಿಗೆ ಸಿಕ್ಕಿತು. ವೆಲೆನ್ಸಿಯಾದಲ್ಲಿ ಕಡೆಯವನು, ಸ್ಪಾನಲ್ಲೂ ಕಡೆಯವನು. ಪಿಟ್ ಲೇನಿನಲ್ಲಿ ವೇಗಮಿತಿ ಮೀರಿ ಮೇಲಿಂದ ಮೇಲೆ ದಂಡ ಬೇರೆ ಕಟ್ಟಿದ. ಟೆಸ್ಟಿಂಗ್ ಚಾಲಕನನ್ನು ಬೆಳೆಸುತ್ತದೆ ಅನ್ನುವವರ ಬಾಯಿ ಮುಚ್ಚಿಸಲು ಬಾಡೋಯೆರ್ ಒಬ್ಬನೇ ಸಾಕು.

ಅಣ್ಣನ ಮಗಳು: ನನ್ನ ವಾದಕ್ಕೆ ಅವನಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಬಾಡೋಯೆರ್ ಅಷ್ಟು ವರ್ಷ ಓಡಿಸಿದ್ದು ಕಾರು ಕಲಿಯಲೆಂದು, ತಾನು ಕಲಿಯಲೆಂದಲ್ಲ. ಹೊಸ ಗೇರ್‌ಬಾಕ್ಸ್ ಬಾಳಿಕೆ ಬರುತ್ತದೆಯೇ, ಈ ಟೈರಿಗೂ ಆ ಟೈರಿಗೂ ಎಷ್ಟು ವ್ಯತ್ಯಾಸ, ಇಂಥ ಪ್ರಶ್ನೆಗಳಿಗೆ ಅಳುಕದೆ ಒಂದೇ ಹದದಲ್ಲಿ ಸುತ್ತುವುದು ಅವನ ಕಸುಬು. ಅವನು ಕೊನೆಯ ಸಲ ರೇಸ್ ಮಾಡಿದ್ದು 1999ರಲ್ಲಿ, ಮಿನಾರ್ಡಿ ಕಾರಿನಲ್ಲಿ. ಹತ್ತು ವರ್ಷದಲ್ಲಿ ಪಿಟ್ ಲೇನ್ ಒಳಹೊಕ್ಕುವ ಬಗೆ, ರೇಸ್ ಆರಂಭದ ಕ್ರಮ, ಟೈರುಗಳ ಸ್ವಭಾವ ಎಲ್ಲವೂ ಬೇರೆಯಾಗಿದ್ದವು. ಇದೆಲ್ಲದರ ಮೇಲೆ, ಖರ್ಚು ತಗ್ಗಿಸಲೆಂದು ಋತುವಿನ ನಡುವಣ ಟೆಸ್ಟಿಂಗ್ ನಿಷೇಧಿಸಿದ್ದು ಅದೇ 2009ರಲ್ಲಿ. ಆ ವರ್ಷದ ಕಾರಿಗೆ ಒಗ್ಗಿಕೊಳ್ಳಲು ಅವನಿಗೆ ಸಿಕ್ಕಿದ್ದು ರೇಸ್ ವಾರಾಂತ್ಯವೊಂದೇ. ಅವನ ನಂತರ ಅದೇ ಸೀಟಿಗೆ ಬಂದವರು ಜಿಯಾಂಕಾರ್ಲೋ ಫಿಸಿಕೆಲ್ಲಾ. ಫೋರ್ಸ್ ಇಂಡಿಯಾ, ಅಂದರೆ ನಮ್ಮ ವಿಜಯ್ ಮಲ್ಯರ ತಂಡದ ಕಾರನ್ನು ಸ್ಪಾನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಎರಡನೆಯವರಾಗಿ ಮುಗಿಸಿ ಬಂದವರು. ಫೆರಾರಿಯಲ್ಲಿ ಐದು ರೇಸ್ ಓಡಿಸಿದರು, ಬಂದದ್ದು ಸೊನ್ನೆ ಅಂಕ. ರೇಸ್ ಮರೆತವನೂ ಸೋತ, ನಿನ್ನೆಯಷ್ಟೇ ಪೋಡಿಯಂ ಹತ್ತಿದವರೂ ಸೋತರು. ಇಬ್ಬರಿಗೂ ಇಲ್ಲದಿದ್ದದ್ದು ಒಂದೇ: ಆ ಕಾರಿನೊಂದಿಗೆ ಗಡಿಬಿಡಿಯಿಲ್ಲದೆ ಕಳೆಯುವ ನಾಲ್ಕು ದಿನ.

ಅದೇ ಬೇಸಿಗೆಯಲ್ಲಿ ಟೊರೊ ರೊಸೊ ತಂಡ 19 ವರ್ಷದ ಹೈಮೆ ಅಲ್ಗೆರ್ಸುವಾರಿಯನ್ನು ಹಂಗೆರಿಯಲ್ಲಿ ಇಳಿಸಿತು. ಅದಕ್ಕೆ ಮುಂಚೆ ಆ ಹುಡುಗ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದು ನೇರ ರಸ್ತೆಯಲ್ಲಿ, ಗಾಳಿಯ ಒತ್ತಡ ಅಳೆಯುವ ಕೆಲಸಕ್ಕೆ ಮಾತ್ರ. ತಿರುವನ್ನೇ ನೋಡದವನು ತಿರುವುಗಳೇ ತುಂಬಿರುವ ಹಂಗರೋರಿಂಗ್‌ಗೆ ಬಂದ, ಕಾರನ್ನು ಎಲ್ಲೂ ಗುದ್ದದೆ 15ನೆಯವನಾಗಿ ಮುಗಿಸಿದ. ಅದನ್ನು ಸಾಧನೆ ಎಂದೇ ಕರೆಯುತ್ತೇನೆ. ಆದರೆ ಟೆಸ್ಟ್ ಮೈದಾನದಲ್ಲಿ ನಡೆಯಬೇಕಿದ್ದ ಕಲಿಕೆ ರೇಸಿನೊಳಕ್ಕೆ, ಟಿವಿ ಕ್ಯಾಮೆರಾಗಳ ಮುಂದಕ್ಕೆ ದಾಟಿದ್ದು ಆಗಲೇ. ನಿಷೇಧದಿಂದ ತಂಡಗಳಿಗೆ ಹಣ ಉಳಿಯಿತು. ಹೊಸಬರು ಅದರ ಬೆಲೆಯನ್ನು ವೃತ್ತಿಜೀವನದಿಂದ ಕಟ್ಟಿದರು.

ನಮ್ಮ ದೇಶದವರನ್ನೇ ತೆಗೆದುಕೊಳ್ಳಿ. ಚೆನ್ನೈಯ ಕರುಣ್ ಚಂದೋಕ್ 2010ರಲ್ಲಿ ಹಿಸ್ಪಾನಿಯಾ ತಂಡಕ್ಕೆ ಸೇರಿದರು. ಆ ತಂಡ ಋತುವಿಗೆ ಮುಂಚೆ ಒಂದು ದಿನವೂ ಟೆಸ್ಟ್ ಮಾಡಲಿಲ್ಲ. ಬಹ್ರೇನ್‌ಗೆ ಹೋದಮೇಲೂ ಅವರ ಕಾರನ್ನು ಗ್ಯಾರೇಜಿನಲ್ಲಿ ಜೋಡಿಸುತ್ತಲೇ ಇದ್ದರು, ಅಭ್ಯಾಸದ ಅವಧಿಗಳೆಲ್ಲ ಹಾಗೇ ಕಳೆದವು. ಆ ಕಾರಿನಲ್ಲಿ ಅವರ ಮೊಟ್ಟಮೊದಲ ಸುತ್ತು ಅರ್ಹತಾ ಸುತ್ತೇ. ರೇಸಿನ ಎರಡನೇ ಲ್ಯಾಪಿನಲ್ಲಿ ಗೋಡೆಗೆ ಹೋದರು. ಎರಡು ವಾರದ ನಂತರ ಮೆಲ್ಬರ್ನ್‌ನಲ್ಲಿ ಅದೇ ಕಾರನ್ನು 14ನೇ ಸ್ಥಾನದವರೆಗೆ ತಂದು ಮುಗಿಸಿದರು. ಬಹ್ರೇನ್ ಒಂದನ್ನೇ ನೋಡಿದವರು ಇವರಿಗೆ ಓಡಿಸಲು ಬರುವುದಿಲ್ಲ ಎಂದಿರುತ್ತಾರೆ.

ಚಿಕ್ಕಪ್ಪ: ದುಡ್ಡಿಲ್ಲದ ತಂಡದ ಅವ್ಯವಸ್ಥೆ ಅದು. ಅದನ್ನು ಹಿಡಿದು ಪೂರಾ ಕ್ರೀಡೆಗೆ ಸೂತ್ರ ಕಟ್ಟಬೇಡ. ಈಗಂತೂ ಸಿಮ್ಯುಲೇಟರ್‌ಗಳಿವೆ. ಕಾರ್ಖಾನೆಯಲ್ಲಿ ಕೂತೇ ಮೊನಾಕೊವನ್ನು ಸಾವಿರ ಸಲ ಸುತ್ತಬಹುದು, ಕಾರು ಗುದ್ದಿದರೆ ಒಂದು ಗುಂಡಿ ಒತ್ತಿ ಮತ್ತೆ ಹೊರಡಬಹುದು. ಟೆಸ್ಟಿಂಗ್ ಅಂತ ಲಾರಿಗಟ್ಟಲೆ ಟೈರು ಸುಡುವ ಕಾಲ ಮುಗಿಯಿತಲ್ಲವೇ?

ಅಣ್ಣನ ಮಗಳು: ಸಿಮ್ಯುಲೇಟರ್ ದಾರಿ ಕಲಿಸುತ್ತದೆ, ಸ್ಟೀರಿಂಗ್ ಮೇಲಿನ ಗುಂಡಿಗಳನ್ನು ಕಲಿಸುತ್ತದೆ. ಬ್ರೇಕ್ ಸಮತೋಲ ಯಾವ ತಿರುವಿನಲ್ಲಿ ಬದಲಿಸಬೇಕು, ಬ್ಯಾಟರಿಯ ಶಕ್ತಿ ಎಲ್ಲಿ ಖರ್ಚು ಮಾಡಬೇಕು, ಸೇಫ್ಟಿ ಕಾರು ಬಂದಾಗ ಎಷ್ಟು ನಿಧಾನವಾಗಬೇಕು, ಇವೆಲ್ಲ ಅಲ್ಲೇ ಕೈಗೆ ಹತ್ತಬೇಕು. ಅದು ಕಲಿಸಲಾಗದ್ದೂ ಇದೆ. ಬ್ರೇಕ್ ಹಾಕಿದಾಗ ಮೈಮೇಲೆ ಬೀಳುವ ಭಾರ, ಐವತ್ತು ಲ್ಯಾಪ್ ಆದಮೇಲೆ ಸೋಲುವ ಕುತ್ತಿಗೆ, ಗೋಡೆ ನಿಜವಾದದ್ದು ಎಂಬ ಭಯ. ಟೈರಿನ ರಬ್ಬರ್ ಬಿಸಿಯೇರಿ ಹಿಡಿತ ಕೊಡುವ ಕ್ಷಣವೂ, ಹಿಡಿತ ಬಿಡುವ ಕ್ಷಣವೂ ಗಣಿತದ ಮಾದರಿಯಲ್ಲಿ ಒರಟಾಗಿ ಮಾತ್ರ ಸಿಗುತ್ತವೆ, ಹೊಸಬ ಎಡವುವುದು ಅಲ್ಲೇ.

ಸರಿಯಾದ ಟೆಸ್ಟ್ ದಿನ ಹೇಗಿರುತ್ತದೆಂದು ಹೇಳುತ್ತೇನೆ. ಬೆಳಗ್ಗೆ ಹೊರಡುವ ಮುಂಚೆಯೇ ಆ ದಿನದ ಓಟಗಳ ಪಟ್ಟಿ ಸಿದ್ಧವಿರುತ್ತದೆ. ಮೊದಲು ಒಂದು ಸುತ್ತು ಹೋಗಿ ಬಂದು ಎಣ್ಣೆ, ನೀರು, ತಂತಿಗಳೆಲ್ಲ ಸರಿಯಿವೆಯೇ ಎಂಬ ತಪಾಸಣೆ. ಆಮೇಲೆ ಐದಾರು ಲ್ಯಾಪಿನ ಚಿಕ್ಕ ಓಟಗಳು, ಮಧ್ಯಾಹ್ನದ ಮೇಲೆ ಇಂಧನ ತುಂಬಿಸಿಕೊಂಡು ಉದ್ದದ ಓಟ. ಪ್ರತಿ ಸಲ ಬದಲಿಸುವುದು ಒಂದೇ ಒಂದು ಸಂಗತಿ, ಒಮ್ಮೆಗೇ ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯದು. ಕಾರಿನಿಂದ ಇಳಿದ ಚಾಲಕ ಮೊದಲು ತನ್ನ ಅನುಭವ ಹೇಳುತ್ತಾನೆ, ಪರದೆ ನೋಡುವುದು ಆಮೇಲೆ. ಈ ಕ್ರಮ ತಿರುಗುಮುರುಗಾಗಬಾರದು, ಏಕೆಂದರೆ ಹುಡುಗ ಪರದೆ ಕಂಡೊಡನೆ ತನ್ನ ಮೈ ಹೇಳಿದ್ದನ್ನು ಮರೆತು ಗೆರೆಗಳಿಗೆ ತಕ್ಕ ಕತೆ ಹೇಳತೊಡಗುತ್ತಾನೆ. ಎಂಜಿನಿಯರ್ ಅವನ ಬ್ರೇಕ್ ಒತ್ತಡದ ಗೆರೆಯನ್ನು ಪಳಗಿದ ಚಾಲಕನ ಗೆರೆಯ ಮೇಲೆ ಇಟ್ಟು ತೋರಿಸುತ್ತಾನೆ. ಇಬ್ಬರೂ ಒಂದೇ ಜಾಗದಲ್ಲಿ ಪೆಡಲ್ ಒತ್ತಿದ್ದಾರೆ, ಪಳಗಿದವನು ಬಿಡುವಾಗ ಇನ್ನಷ್ಟು ನಿಧಾನವಾಗಿ ಬಿಟ್ಟಿದ್ದಾನೆ, ಕಾರಿನ ಮೂಗು ಅದಕ್ಕೇ ಒಳಕ್ಕೆ ತಿರುಗಿದೆ. ಇದು ಹೆಜ್ಜೆಯ ತಪ್ಪು, ಕಾರನ್ನು ಮುಟ್ಟಬೇಕಿಲ್ಲ. ಮುಂದಿನ ತಿರುವಿನಲ್ಲಿ ಇಬ್ಬರ ಗೆರೆಗಳೂ ಒಂದೇ, ಆದರೂ ಕಾರು ಜಾರಿದೆ. ಇದು ಕಾರಿನ ತಪ್ಪು, ಹುಡುಗನನ್ನು ಬೈಯಬೇಕಿಲ್ಲ. ಇಂಥ ಬೇರ್ಪಡಿಕೆ ದಿನಕ್ಕೆ ಇಪ್ಪತ್ತು ಸಲ ನಡೆದರೆ ಅವನ ಮೈಗೇ ಆ ವಿವೇಚನೆ ಬರುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ಓಡಿಸುವವರೂ ದಾರಿಯನ್ನು ಮೊದಲು ನಿಧಾನವಾಗಿ ನೋಡಿಕೊಂಡು, ಪಕ್ಕದಲ್ಲಿ ಕೂರುವವನಿಂದ ಟಿಪ್ಪಣಿ ಬರೆಸಿಕೊಂಡೇ ವೇಗಕ್ಕಿಳಿಯುತ್ತಾರೆ. ಅವರನ್ನು ನಾವು ಅಂಜುಬುರುಕರು ಅನ್ನುವುದಿಲ್ಲ.

ಚಿಕ್ಕಪ್ಪ: ಪುಸ್ತಕದಲ್ಲಿ ಬರೆಯಲು ಇದು ಚೆನ್ನಾಗಿದೆ. ಎಲ್ಲಾದರೂ ಇಡೀ ಕ್ರೀಡೆ ಇದನ್ನು ನಿಯಮವಾಗಿ ಪಾಲಿಸಿದೆಯೇ?

ಅಣ್ಣನ ಮಗಳು: ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಾಲಿಸುತ್ತಾರೆ. ಇಂಡಿ 500 ರೇಸಿಗೆ ಮೊದಲ ಸಲ ಬರುವವನು ಯಾರೇ ಆಗಿರಲಿ, ಹೊಸಬರ ಪರೀಕ್ಷೆ ಪಾಸಾಗಬೇಕು. ಮೊದಲ ಹಂತದಲ್ಲಿ 10 ಲ್ಯಾಪ್, ಗಂಟೆಗೆ 205ರಿಂದ 210 ಮೈಲಿ, ಅಂದರೆ ಸುಮಾರು 330ರಿಂದ 338 ಕಿ.ಮೀ. ವೇಗದಲ್ಲಿ. ಎರಡನೇ ಹಂತದಲ್ಲಿ 15 ಲ್ಯಾಪ್, 215 ಮೈಲಿಯವರೆಗೆ. ಮೂರನೇ ಹಂತದಲ್ಲಿ ಇನ್ನೂ 15 ಲ್ಯಾಪ್, ಅದಕ್ಕೂ ಮೇಲೆ. ಗೊತ್ತುಮಾಡಿದ ವೇಗಕ್ಕಿಂತ ಕಡಿಮೆಯೂ ಆಗಬಾರದು, ಆತುರದಿಂದ ಮೀರಲೂ ಬಾರದು. 2017ರಲ್ಲಿ ಎರಡು ಸಲದ ವಿಶ್ವ ಚಾಂಪಿಯನ್ ಫರ್ನಾಂಡೊ ಅಲೊನ್ಸೊ ಕೂಡ ಈ ಪರೀಕ್ಷೆಗೆ ಕೂತರು. ಅವರ ತಂಡ ಆ ಓವಲ್ ಟ್ರ್ಯಾಕನ್ನು ಅರೆದು ಕುಡಿದ ಆಂಡ್ರೆಟ್ಟಿ ಆಟೋಸ್ಪೋರ್ಟ್, ಪಕ್ಕದಲ್ಲಿ ನಿಂತು ಹೇಳಿಕೊಟ್ಟವರು 2003ರ ಇಂಡಿ 500 ಗೆದ್ದ ಜಿಲ್ ಡಿ ಫೆರಾನ್. ಅಲೊನ್ಸೊ 5ನೇ ಸ್ಥಾನದಿಂದ ಹೊರಟು, 27 ಲ್ಯಾಪ್ ಮುಂಚೂಣಿಯಲ್ಲಿದ್ದರು. 21 ಲ್ಯಾಪ್ ಬಾಕಿಯಿರುವಾಗ ಎಂಜಿನ್ ಕೈಕೊಟ್ಟಿತು.

ಎರಡು ವರ್ಷದ ನಂತರ ಅದೇ ಅಲೊನ್ಸೊ, ಅದೇ ಟ್ರ್ಯಾಕ್. ಈ ಸಲ ಮೆಕ್‌ಲಾರೆನ್ ತಾನೇ ತಂಡ ಕಟ್ಟಿತು. ಏಪ್ರಿಲ್‌ನ ಮೊದಲ ಟೆಸ್ಟಿಗೆ ಕಾರಿನ ಸ್ಟೀರಿಂಗ್ ವೀಲ್ ಸಿದ್ಧವಿರಲಿಲ್ಲ, ಅರ್ಧ ದಿನ ಹೋಯಿತು. ಇಂಚು ಮತ್ತು ಮಿಲಿಮೀಟರ್ ನಡುವಣ ಲೆಕ್ಕ ತಪ್ಪಿ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿತು. ಕೊನೆಗೆ 33 ಕಾರುಗಳ ಗ್ರಿಡ್‌ನಲ್ಲಿ ಅಲೊನ್ಸೊಗೆ ಜಾಗವೇ ಸಿಗಲಿಲ್ಲ, ಕಡೆಯ ಸ್ಥಾನವನ್ನು ಹುಂಕೋಸ್ ಎಂಬ ಪುಟ್ಟ ತಂಡದ ಕೈಲ್ ಕೈಸರ್ ಕಿತ್ತುಕೊಂಡ. 2017ಕ್ಕಿಂತ 2019ರಲ್ಲಿ ಅಲೊನ್ಸೊಗೆ ಆ ಟ್ರ್ಯಾಕಿನ ಅನುಭವ ಹೆಚ್ಚೇ ಇತ್ತು. ಕಡಿಮೆಯಾದದ್ದು ಸುತ್ತಲಿದ್ದ ತಿಳಿವಳಿಕೆ. ಅಷ್ಟು ಹೆಸರಾಂತ ಚಾಲಕನಾದ್ದರಿಂದ ತಪ್ಪು ತಂಡದ್ದು ಅಂತ ಎಲ್ಲರೂ ತಕ್ಷಣ ಒಪ್ಪಿದರು. ಅದೇ ಜಾಗದಲ್ಲಿ 19 ವರ್ಷದ ಹೊಸಬನೊಬ್ಬ ಇದ್ದಿದ್ದರೆ ಅವನ ಹೆಸರು ಅಂದೇ ಅಳಿಸಿಹೋಗುತ್ತಿತ್ತು.

ಚಿಕ್ಕಪ್ಪ: ಆಂಡ್ರಿಯಾ ಕಿಮಿ ಆಂಟೊನೆಲ್ಲಿಗೆ ಮರ್ಸಿಡಿಸ್ ಏನು ಕಡಿಮೆ ಮಾಡಿತ್ತು? 2024ರ ಏಪ್ರಿಲ್‌ನಿಂದ ಹಳೆಯ ಕಾರುಗಳಲ್ಲಿ ಊರೂರು ಸುತ್ತಿಸಿ ಟೆಸ್ಟ್ ಮಾಡಿಸಿದರು. ಅಷ್ಟೆಲ್ಲ ಆಗಿ, ಆಗಸ್ಟ್‌ನಲ್ಲಿ ಮೊನ್ಜಾದ ಶುಕ್ರವಾರದ ಅಭ್ಯಾಸಕ್ಕೆ ಬಿಟ್ಟರೆ ಹತ್ತೇ ನಿಮಿಷದಲ್ಲಿ ಪ್ಯಾರಬೋಲಿಕಾ ತಿರುವಿನಲ್ಲಿ ಕಾರನ್ನು ಜಜ್ಜಿಹಾಕಿದ. ಜಾಕ್ ಡೂಹನ್‌ಗೂ ಆಲ್ಪೀನ್ ತಂಡ ಹಾಗೇ ಮಾಡಿಸಿತ್ತು. 2025ರಲ್ಲಿ ಆರು ರೇಸಿಗೆ ಅವನ ಕತೆಯೂ ಮುಗಿಯಿತು.

ಅಣ್ಣನ ಮಗಳು: ಈ ಇಬ್ಬರನ್ನು ಒಟ್ಟಿಗೆ ಇಟ್ಟು ನೋಡಿದಿರಿ, ಒಳ್ಳೆಯದಾಯಿತು. ಆಂಟೊನೆಲ್ಲಿ ಗುದ್ದಿದ್ದು ಅಭ್ಯಾಸದಲ್ಲಿ, ಹೋದದ್ದು ಒಂದಷ್ಟು ಇಂಗಾಲದ ನಾರು. ಮಾರನೆಯ ದಿನವೇ ಮರ್ಸಿಡಿಸ್ ಅವನನ್ನು 2025ರ ಚಾಲಕನೆಂದು ಘೋಷಿಸಿತು. ತಿಂಗಳುಗಟ್ಟಲೆ ಟೆಸ್ಟ್‌ಗಳ ದಾಖಲೆ ಕೈಯಲ್ಲಿದ್ದ ತಂಡಕ್ಕೆ ಹತ್ತು ನಿಮಿಷದ ತಪ್ಪನ್ನು ಅದರ ಅಳತೆಯಲ್ಲಿ ನೋಡಲು ಸಾಧ್ಯವಾಯಿತು. ಟೆಸ್ಟಿಂಗ್‌ನಿಂದ ಚಾಲಕನಿಗಷ್ಟೇ ಅಲ್ಲ, ತೀರ್ಪು ಕೊಡುವವರಿಗೂ ಪಾಠವಾಗುತ್ತದೆ. ಆಮೇಲೆ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ ಜೊತೆ ವರ್ಷಗಟ್ಟಲೆ ದುಡಿದ ಪೀಟರ್ ಬಾನಿಂಗ್ಟನ್ ಅವರನ್ನೇ ಈ ಹುಡುಗನ ರೇಸ್ ಎಂಜಿನಿಯರ್ ಮಾಡಿದರು. ಮೊದಲ ರೇಸಿನಲ್ಲಿ 4ನೇ ಸ್ಥಾನ, ಕೆನಡಾದಲ್ಲಿ 3ನೇ ಸ್ಥಾನ. ಆದರೆ ಯೂರೋಪಿನ ರೇಸುಗಳಲ್ಲಿ ಬಹಳ ಕೆಟ್ಟ ಕಾಲ ಬಂತು. ಆ ಹೊತ್ತಿಗೆ ಮರ್ಸಿಡಿಸ್ ಹಿಂಬದಿಗೆ ಹೊಸ ಸಸ್ಪೆನ್ಷನ್ ಅಳವಡಿಸಿತ್ತು. ಅದರಿಂದ ಚಾಲಕರಿಗೆ ಕಾರಿನ ಮೇಲಿನ ನಂಬಿಕೆ ಹೋಯಿತೆಂದು ಮನಗಂಡು ಹಂಗೆರಿಯಲ್ಲಿ ಹಳೆಯದಕ್ಕೆ ಮರಳಿತು. ಅನುಭವಿ ಜಾರ್ಜ್ ರಸೆಲ್ ಪಕ್ಕದ ಕಾರಿನಲ್ಲಿ ಇಲ್ಲದಿದ್ದರೆ, ಗೆರೆಗಳನ್ನು ಓದುವವರು ಇಲ್ಲದಿದ್ದರೆ, ಆ ಹುಡುಗ ಎಲ್ಲ ತಪ್ಪೂ ತನ್ನದೇ ಅಂದುಕೊಂಡು ಕುಗ್ಗಿಹೋಗುತ್ತಿದ್ದ. ಬ್ರೆಜಿಲ್‌ನಲ್ಲಿ ಅವನು 2ನೆಯವನಾದ.

ಡೂಹನ್‌ಗೆ ಟೆಸ್ಟ್ ಇತ್ತು, ಕಾಲಾವಕಾಶ ಇರಲಿಲ್ಲ. ಋತು ಆರಂಭವಾಗುವ ಮುಂಚೆಯೇ, ಜನವರಿಯಲ್ಲಿ, ತಂಡ ಫ್ರಾಂಕೊ ಕೊಲಪಿಂಟೊನನ್ನು ಮೀಸಲು ಚಾಲಕನಾಗಿ ತಂದು ಅವನ ಬೆನ್ನಿಗೆ ನಿಲ್ಲಿಸಿತು. ಪ್ರತಿ ಅಭ್ಯಾಸವೂ ಕೊನೆಯ ಅವಕಾಶ ಎಂಬಂತೆ ಓಡಿಸುವವನು ಏನನ್ನೂ ಪ್ರಯೋಗಿಸಿ ನೋಡಲಾರ, ಪ್ರಯೋಗವಿಲ್ಲದೆ ಕಲಿಕೆಯಿಲ್ಲ. ಅವನ ಜಾಗಕ್ಕೆ ಬಂದ ಕೊಲಪಿಂಟೊ ಆ ವರ್ಷ ಒಂದು ಅಂಕವನ್ನೂ ಗಳಿಸಲಿಲ್ಲ. ಇನ್ನೊಂದೆಡೆ ಇಸಾಕ್ ಹಜ್ಜಾರ್ ಮೆಲ್ಬರ್ನ್‌ನಲ್ಲಿ ರೇಸ್ ಶುರುವಾಗುವ ಮುಂಚಿನ ಸುತ್ತಿನಲ್ಲೇ ಕಾರು ಗುದ್ದಿ ಅಳುತ್ತಾ ಬಂದ. ರೆಡ್ ಬುಲ್‌ನ ಹಿರಿಯ ಸಲಹೆಗಾರರು ಅದನ್ನು ಮುಜುಗರದ ಸಂಗತಿ ಎಂದರು, ಸಮಾಧಾನ ಹೇಳಿದ್ದು ಹ್ಯಾಮಿಲ್ಟನ್‌ನ ತಂದೆ. ರೇಸಿಂಗ್ ಬುಲ್ಸ್ ಅವನನ್ನು ಉಳಿಸಿಕೊಂಡಿತು. ಆಗಸ್ಟ್‌ನಲ್ಲಿ ಜಾಂಡ್‌ವೋರ್ಟ್‌ನಲ್ಲಿ ಅವನು 3ನೆಯವನಾಗಿ ಪೋಡಿಯಂ ಹತ್ತಿದ. 

ಚಿಕ್ಕಪ್ಪ: ಸರಿ, ಇಷ್ಟು ಒಪ್ಪಿದೆ ಅಂತಿಟ್ಟುಕೋ. ದುಡ್ಡಿನ ಮಾತಿಗೆ ಉತ್ತರ ಕೊಡು. ಹಳೆಯ ಕಾರು, ಅದಕ್ಕೊಂದು ಮೆಕ್ಯಾನಿಕ್‌ಗಳ ತಂಡ, ಬಾಡಿಗೆಗೆ ಟ್ರ್ಯಾಕ್, ಇದೆಲ್ಲ ಮರ್ಸಿಡಿಸ್, ಫೆರಾರಿಯಂಥವರಿಗೆ ಸಲೀಸು. ಟೆಸ್ಟಿಂಗ್ ಹೆಚ್ಚಿಸಿದರೆ ಸಿರಿವಂತ ತಂಡದ ಹುಡುಗ ಇನ್ನಷ್ಟು ಮುಂದೆ ಹೋಗುತ್ತಾನೆ. ನಿಷೇಧ ತಂದದ್ದು ಸುಮ್ಮನೆ ಅಲ್ಲ. ಮತ್ತೆ ಅಪಾಯ? ಟೆಸ್ಟಿನಲ್ಲೇ ಜೀವ ಹೋದವರಿಲ್ಲವೇ?

ಅಣ್ಣನ ಮಗಳು: ಅಪಾಯದ ಮಾತು ಮೊದಲು. 1986ರ ಮೇ ತಿಂಗಳಲ್ಲಿ ಪಾಲ್ ರಿಕಾರ್ಡ್ ಟ್ರ್ಯಾಕಿನಲ್ಲಿ ಎಲಿಯೊ ಡಿ ಆಂಜೆಲಿಸ್ ಟೆಸ್ಟ್ ಮಾಡುತ್ತಿದ್ದಾಗ ಹಿಂದಿನ ರೆಕ್ಕೆ ಕಳಚಿ ಕಾರು ಮಗುಚಿತು, ಬೆಂಕಿ ಹತ್ತಿತು. ನೆರವಿಗೆ ಸಾಕಷ್ಟು ಮಾರ್ಷಲ್‌ಗಳಿರಲಿಲ್ಲ, ಹೆಲಿಕಾಪ್ಟರ್ ಬರಲು ತಡವಾಯಿತು. ಮಾರನೆಯ ದಿನ ಅವರು ತೀರಿಕೊಂಡರು. 2012ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್ ವಿಮಾನ ನಿಲ್ದಾಣದಲ್ಲಿ ನೇರ ರಸ್ತೆಯ ಟೆಸ್ಟ್ ಮುಗಿಸಿ ಬರುತ್ತಿದ್ದ ಮರಿಯಾ ಡಿ ವಿಯೋಟಾ ನಿಂತಿದ್ದ ಲಾರಿಗೆ ಬಡಿದು ಬಲಗಣ್ಣು ಕಳೆದುಕೊಂಡರು, ಮರುವರ್ಷ ಅಗಲಿದರು. ಎರಡೂ ಸಲ ಇದು ರೇಸಲ್ಲವಲ್ಲ, ಬರೀ ಟೆಸ್ಟ್ ತಾನೇ ಎಂಬ ಉದಾಸೀನ ಅಲ್ಲಿತ್ತೆಂದೇ ನನಗನ್ನಿಸುತ್ತದೆ. ರೇಸಿಗೆ ಇರುವ ಮಾರ್ಷಲ್, ವೈದ್ಯರು, ಹೆಲಿಕಾಪ್ಟರ್ ಇಲ್ಲದ ಟೆಸ್ಟನ್ನು ನಾನು ಸರಿಯಾದ ಟೆಸ್ಟ್ ಅನ್ನುವುದಿಲ್ಲ.

ದುಡ್ಡಿನ ಆಕ್ಷೇಪ ನಿಜ, ಅದನ್ನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಮೈನಿ ಸಹೋದರರನ್ನೇ ನೋಡಿ. ಅರ್ಜುನ್ ಮೈನಿ 2011ರಲ್ಲಿ ಫೋರ್ಸ್ ಇಂಡಿಯಾ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದವರಲ್ಲಿ ಒಬ್ಬರು, ಮುಂದೆ ಹಾಸ್ ತಂಡದ ಡೆವಲಪ್‌ಮೆಂಟ್ ಚಾಲಕರಾದರು, ರೇಸ್ ಸೀಟು ಮಾತ್ರ ಸಿಗಲಿಲ್ಲ. ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು, ಅದೇ ವರ್ಷ ಆಲ್ಪೀನ್‌ನ ಟೆಸ್ಟ್ ಮತ್ತು ಮೀಸಲು ಚಾಲಕರಾಗಿದ್ದರು. ಊರಿನ ಕಾರ್ಟಿಂಗ್ ಟ್ರ್ಯಾಕ್ ದಾಟಿದ ಮೇಲೆ ಇಲ್ಲಿನ ಮಕ್ಕಳು ಕಾರು ಓಡಿಸಲು ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು, ಆಮೇಲೆ ಯೂರೋಪಿಗೆ. ಟೆಸ್ಟಿಂಗ್ ಕಡಿಮೆ ಮಾಡಿದ್ದರಿಂದ ಇಂಥವರಿಗೆ ಲಾಭವಾಯಿತೇ? ಸಮಾನತೆಯ ಹೆಸರಿನಲ್ಲಿ ಬಾಗಿಲು ಮುಚ್ಚಿದಾಗ ಮೊದಲು ಹೊರಗುಳಿಯುವವನು ದೂರದಿಂದ ಬಂದವನೇ. ಎಫ್‌ಐಎ ಕೂಡ ಇದನ್ನು ಅರ್ಧ ಅರಿತಿದೆ. 2022ರಿಂದ ಪ್ರತಿ ತಂಡ ವರ್ಷಕ್ಕೆ ಎರಡು ಶುಕ್ರವಾರದ ಅಭ್ಯಾಸಗಳನ್ನು ಹೊಸಬರಿಗೆ ಬಿಟ್ಟುಕೊಡಬೇಕಿತ್ತು, 2025ರಲ್ಲಿ ಅದು ನಾಲ್ಕಾಯಿತು. ಅದೇ ವರ್ಷ ಹಳೆಯ ಕಾರುಗಳ ಟೆಸ್ಟನ್ನು ತಂಡಕ್ಕೆ 20 ದಿನಕ್ಕೆ, ರೇಸ್ ಚಾಲಕನೊಬ್ಬನಿಗೆ ನಾಲ್ಕು ದಿನಗಳಲ್ಲಿ 1,000 ಕಿಲೋಮೀಟರ್‌ಗೆ ಮಿತಿಗೊಳಿಸಿತು. ಮಿತಿ ಇರಲಿ. ಮೊದಲ ಋತುವಿನ ಚಾಲಕನಿಗೂ ಹತ್ತು ವರ್ಷ ಓಡಿಸಿದವನಿಗೂ ಒಂದೇ ಮಿತಿ ಯಾಕೆ ಎಂಬುದಷ್ಟೇ ನನ್ನ ತಕರಾರು. ಹೊಸಬನಿಗೆ ಪ್ರತ್ಯೇಕ ದಿನಗಳನ್ನು ಎಲ್ಲ ತಂಡಗಳಿಗೂ ಸಮನಾಗಿ, ಒಂದೇ ಟ್ರ್ಯಾಕಿನಲ್ಲಿ, ಖರ್ಚು ಹಂಚಿಕೊಂಡು ಕೊಡಬಹುದು. ಇಂಡಿಯಾನಾಪೊಲಿಸ್‌ನವರಿಗೆ ಆಗಿದೆ.

ಚಿಕ್ಕಪ್ಪ: ಹ್ಯಾಮಿಲ್ಟನ್‌ಗೆ 2007ರಲ್ಲಿ ಎಲ್ಲವೂ ಸಿಕ್ಕಿತ್ತು. ಹದಿಮೂರರ ವಯಸ್ಸಿನಿಂದ ಮೆಕ್‌ಲಾರೆನ್ ಸಾಕಿತ್ತು, ಚಳಿಗಾಲವಿಡೀ ಟೆಸ್ಟ್, ಮೊದಲ ಒಂಬತ್ತು ರೇಸಿಗೂ ಪೋಡಿಯಂ. ಆದರೂ ಶಾಂಘೈಯಲ್ಲಿ ಪಿಟ್ ಬಾಗಿಲಿನ ಜಲ್ಲಿಯಲ್ಲಿ ಹೂತುಕೊಂಡು ಒಂದೇ ಅಂಕದಿಂದ ಚಾಂಪಿಯನ್ ಪಟ್ಟ ಕಳೆದುಕೊಂಡ. ಹುಡುಗುಬುದ್ಧಿ ಕೊನೆಗೂ ಬಿಡಲಿಲ್ಲ ನೋಡು.

ಅಣ್ಣನ ಮಗಳು: ಸವೆದು ಒಳಗಿನ ದಾರ ಕಾಣುತ್ತಿದ್ದ ಟೈರಿನಲ್ಲಿ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದು ಅವನನ್ನು ಹೊರಗೇ ಇಟ್ಟದ್ದು ಪಿಟ್ ಗೋಡೆಯ ಮೇಲಿದ್ದ ಅನುಭವಿಗಳು. ಹೊಸಬ ಕೇಳಿದ, ಅವರು ಹೇಳಿದರು, ಅವನು ಪಾಲಿಸಿದ. ಟೆಸ್ಟ್ ಮುಗಿದ ದಿನಕ್ಕೆ ತಜ್ಞರ ಹೊಣೆ ಮುಗಿಯುವುದಿಲ್ಲ ಎಂಬುದಕ್ಕೆ ಶಾಂಘೈ ಸಾಕ್ಷಿ. ಅಂಥ ಅಂತ್ಯ ಕಂಡರೂ ಮೆಕ್‌ಲಾರೆನ್ ಅವನನ್ನು ಕೈಬಿಡಲಿಲ್ಲ, ಮರುವರ್ಷ ಅವನು ಗೆದ್ದ.

ಚಿಕ್ಕಪ್ಪ: ದುಡ್ಡಿನ ವಿಷಯದಲ್ಲಿ ನನಗಿನ್ನೂ ಪೂರ್ತಿ ಸಮಾಧಾನವಿಲ್ಲ. ಲಾಸನ್ ವಿಷಯದಲ್ಲಿ ಮಾತ್ರ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 2026ರಲ್ಲಿ ಏನಾದರೂ ಸುಧಾರಿಸಿತೇ?

ಅಣ್ಣನ ಮಗಳು: 2025ರಲ್ಲಿ ಋತುವಿಗೆ ಮುಂಚಿನ ಟೆಸ್ಟ್ ಇದ್ದದ್ದು ಮೂರು ದಿನ, ಇಬ್ಬರು ಚಾಲಕರು ಹಂಚಿಕೊಂಡರೆ ತಲಾ ಒಂದೂವರೆ ದಿನ. 2026ರಲ್ಲಿ ಬಾರ್ಸಿಲೋನಾ ಮತ್ತು ಬಹ್ರೇನ್ ಸೇರಿ ಪ್ರತಿ ತಂಡಕ್ಕೆ ಒಂಬತ್ತು ದಿನದ ಅವಕಾಶ ಸಿಕ್ಕಿತು. ಆ ವರ್ಷ ಗ್ರಿಡ್‌ಗೆ ಬಂದ ಹೊಚ್ಚ ಹೊಸಬ ಒಬ್ಬನೇ, ರೇಸಿಂಗ್ ಬುಲ್ಸ್‌ನ ಆರ್ವಿಡ್ ಲಿಂಡ್‌ಬ್ಲಾಡ್. ದಿನಗಳನ್ನು ಹೆಚ್ಚಿಸಿದ್ದು ಅವನಿಗಾಗಿ ಅಲ್ಲ. ನಿಯಮ ಬದಲಾಗಿ ಕಾರುಗಳು ಹೊಸದಾಗಿದ್ದವು, ಅದಕ್ಕೆ.